ಮನಿ ಮಾರಿ ಪ್ರೆಸ್ ಹಾಕಿದ ಎಡಿಟರ್

ನಮ್ಮಜ್ಜ ಅಕ್ಷರ ಉಲ್ಟಾ ಓದ್ತಿದ್ದ. ಖರೇನ ಹೇಳ್ತೀನ್ರಿ. ಬಿಜಾಪುರದ ಒಂದ್ ಸಣ್ಣ ಪ್ರೆಸ್ಸಿನಾಗ ಮೊಳಿ ಜೋಡಸಾಂವ. ಸೀಸದ ಮೊಳಿ ಮ್ಯಾಲ ಅಕ್ಷರ ಕನ್ನಡ್ಯಾಗ ಕಂಡಂಗ ಉಲ್ಟಾ ಇರ್ತಾವ. ಕನ್ನಡಕ್ಕಂತೂ ಒತ್ತಕ್ಷರದ ಮೊಳಿ ಬ್ಯಾರೇನ. ಹುಡುಕಿ ಹುಡುಕಿ ಒಂದ್ ಪುಟ ಕಟ್ಟೂದ್ರಾಗ ಸೊಂಟಾ ಹಿಡೀತಿತ್ತಂತ. ಆಂವ ಕೈ ಮುಗದು ಹೇಳ್ತಿದ್ದ ಹೆಸರು ಒಂದ: ಹಳಕಟ್ಟಿ ವಕೀಲರು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. 1880ರ ಜುಲೈ 2ಕ್ಕ ಧಾರವಾಡದಾಗ ಹುಟ್ಟಿ, 1904ರಾಗ ವಕೀಲಿ ಮಾಡ್ಲಿಕ್ಕೆ ನಮ್ಮೂರಿಗೆ ಬಂದವ್ರು. 'ವಚನ ಪಿತಾಮಹ' ಅಂತ ಸಾಲ್ಯಾಗ ಎಲ್ಲಾರೂ ಕಲ್ತೀವಿ. ಆದ್ರ ಅವರು ಪೇಪರ್ ಎಡಿಟರ್ ಆಗಿದ್ರು ಅನ್ನೂದು ಎಷ್ಟ್ ಮಂದಿಗೆ ಗೊತ್ತದ?

ಊರೂರು ತಿರುಗಿ, ದೇವರ ಜಗಲಿ ಮ್ಯಾಲಿದ್ದ ವಚನದ ತಾಡೋಲೆ ಕೇಳಿ ಇಸ್ಕೊಂಡು ನಕಲು ಮಾಡಿದ್ರು. 'ವಚನಶಾಸ್ತ್ರಸಾರ' ಅನ್ನೂ ವಚನ ಸಂಗ್ರಹ 1923ರಾಗ ಬೆಳಗಾವಿಯ ಪ್ರೆಸ್ಸಿನಾಗ ಅಚ್ಚಾತು. ಒಂದ್ ಪುಸ್ತಕಕ್ಕ ಪರವೂರಿಗೆ ಎಡತಾಕಬೇಕಂದ್ರ, ಉಳಿದ ಕಟ್ಟುಗಟ್ಲೆ ಹಸ್ತಪ್ರತಿ ಯಾವಾಗ ಹೊರಗ ಬರೂದು? 1925ರಾಗ ಇದ್ದ ಮನಿ ಮಾರಿ, ಇಲ್ಲೇ ಹಿತಚಿಂತಕ ಪ್ರೆಸ್ ಹಾಕಿದ್ರು. ತಾವು ಬಾಡಗಿ ಮನ್ಯಾಗ. ನಾ ಈ ವಿಡಿಯೊ ಮಾಡೂ ಕ್ಯಾಮೆರಾ ಕಂತಿನ ಮ್ಯಾಲ ತಂದಾಗ ನಮ್ಮವ್ವ ಎಂಟ್ ದಿನ ನನ್ ಜೋಡಿ ಮಾತಾಡಿದ್ದಿಲ್ಲ. ಅವರ ಮನ್ಯಾಗ ಏನ್ ನಡದಿತ್ತೋ!

1926ರಾಗ 'ಶಿವಾನುಭವ' ಪತ್ರಿಕೆ ಸುರು ಆತು. ಬಳ್ಳಾರಿ ಸಾಹಿತ್ಯ ಸಮ್ಮೇಳನಕ್ಕ ಅಧ್ಯಕ್ಷರಾಗಿದ್ದೂ ಅದ ವರ್ಷ. ಮರುವರ್ಷ 'ನವಕರ್ನಾಟಕ' ವಾರಪತ್ರಿಕೆ. ಆ ಹೆಸರು ನೋಡ್ರಿ. ಆಗ ನಾವಿದ್ದದ್ದು ಮುಂಬೈ ಪ್ರಾಂತದಾಗ, ಕರ್ನಾಟಕ ಅನ್ನೂ ರಾಜ್ಯನ ಇದ್ದಿದ್ದಿಲ್ಲ. ಇಲ್ಲದ ನಾಡಿನ ಹೆಸರು ವಾರ ವಾರ ಪತ್ರಿಕೆ ನೆತ್ತಿ ಮ್ಯಾಲ ಅಚ್ಚಾಗ್ತಿತ್ತು.

'ಶಿವಾನುಭವ' ಅಂತೂ ಮೂರು ದಶಕಕ್ಕೂ ಮ್ಯಾಲ ನಡೀತು. ಇನ್ನೂರಕ್ಕೂ ಹೆಚ್ಚು ವಚನಕಾರರು ಬೆಳಕಿಗೆ ಬಂದಿದ್ದು ಇವರ ದುಡಿತದಿಂದ. ಹೊಗಳಿಕಿ ಎಲ್ಲಾ ಪುಸ್ತಕಕ್ಕ ಹೋಗ್ತದ. ನನ್ನ ಕೇಳಿದ್ರ ಪತ್ರಿಕೆದ ದೊಡ್ಡ ಕೆಲಸ. ಪುಸ್ತಕ ಕೊಂಡವ್ರ ಕಪಾಟಿನಾಗ ಕೂಡ್ತದ. ಪತ್ರಿಕೆ ಅಂಚೆದಾಗ ಹಳ್ಳಿಗೆ ಹೋಗ್ತದ, ಕಟ್ಟಿ ಮ್ಯಾಲ ಒಬ್ಬ ಓದಿದ್ರ ಹತ್ತ್ ಮಂದಿ ಕೇಳ್ತಾರ.

1964ರ ಜೂನ್ 29ಕ್ಕ ಹೋದ್ರು.

ಇವತ್ತ್ ಮುಂಜಾನೆ ಆಟೋದವ್ರಿಗೆ "ಹಳಕಟ್ಟಿ ಕಾಲೇಜಿಗೆ ಬಿಡ್ರಿ ಕಾಕಾ" ಅಂದೆ. "ಅದ್ಯಾವ್ದೋ ತಮ್ಮಾ?" ಅಂದ್ರು. ಬಿಎಲ್‌ಡಿಇ ಇಂಜಿನಿಯರಿಂಗ್ ಅಂದ ಕೂಡ್ಲೆ ಗಾಡಿ ಆಶ್ರಮ ರೋಡಿಗೆ ತಿರುಗ್ತು. ಆ ಬಿಎಲ್‌ಡಿಇ ಶಿಕ್ಷಣ ಸಂಸ್ಥೆನೂ 1910ರಾಗ ಅವರು ಮುಂದ ನಿಂತು ಕಟ್ಟಿದ್ದು. ಇಲ್ಲಿ ಬೋರ್ಡ್ ಮ್ಯಾಲ ಪೂರ್ತಿ ಹೆಸರದ, ನನ್ನ ಹಿಂದ ನೋಡ್ರಿ. ಸೆಲ್ಫಿ ಕ್ಯಾಮೆರಾ ಇಟ್ಟೀನಿ, ನನಗ ಇಲ್ಲಿ ಅಕ್ಷರ ಎಲ್ಲಾ ಉಲ್ಟಾ ಕಾಣ್ಲಿಕತ್ತಾವ. ಅಜ್ಜ ಇದ್ದಿದ್ರ ಸರಸರ ಓದ್ತಿದ್ದ.