ಗುಂಡು ಹಾರಿಸದ ಕೈ

ರಾತ್ರಿ ಹನ್ನೊಂದೂವರೆ. ಮನೆಯವರೆಲ್ಲ ಮಲಗಿದ್ದಾರೆ, ನನಗೆ ನಿದ್ದೆ ಬರುತ್ತಿಲ್ಲ. ಈಗ ತಾನೇ 'ದಿ ಲಾಸ್ಟ್ ಕಮಾಂಡ್' ನೋಡಿ ಮುಗಿಸಿದೆ. 1928ರ ಮೂಕಿ ಚಿತ್ರ, ನಿರ್ದೇಶಕ ಜೋಸೆಫ್ ಫಾನ್ ಸ್ಟೆರ್ನ್‌ಬರ್ಗ್.

ಕಥೆ ಶುರುವಾಗುವುದು ಹಾಲಿವುಡ್‌ನಲ್ಲಿ. ದಿನಕ್ಕೆ 7.50 ಡಾಲರ್ ಕೂಲಿಗೆ ಎಕ್ಸ್‌ಟ್ರಾ ಪಾತ್ರ ಮಾಡಲು ಒಬ್ಬ ರಷ್ಯನ್ ಮುದುಕ ಬರುತ್ತಾನೆ. ಅವನ ತಲೆ ಒಂದೇ ಸಮ ಅಲ್ಲಾಡುತ್ತಿರುತ್ತದೆ. ಹತ್ತು ವರ್ಷದ ಹಿಂದೆ ಅವನು ರಷ್ಯಾ ಚಕ್ರವರ್ತಿಯ ಸಂಬಂಧಿ, ಸೈನ್ಯದ ದಂಡನಾಯಕ.

ಆಗ 1917. ನತಾಲಿ ಕ್ರಾಂತಿಕಾರಿ. ಅವಳ ಜೊತೆಗಾರ ಲಿಯೋನ ಮುಖಕ್ಕೆ ದಂಡನಾಯಕ ಚಾಟಿಯಿಂದ ಬಾರಿಸಿ ಜೈಲಿಗೆ ಹಾಕಿಸುತ್ತಾನೆ. ಅವಳನ್ನು ಮಾತ್ರ ಹತ್ತಿರ ಇಟ್ಟುಕೊಳ್ಳುತ್ತಾನೆ. ಅವಳಿಗೂ ಬೇಕಿದ್ದದ್ದು ಅದೇ, ಅವನನ್ನು ಕೊಲ್ಲಬೇಕಲ್ಲ.

ಈ ದೃಶ್ಯವನ್ನು ನಾನು ಮೂರು ಸಲ ನೋಡಿದೆ. ಮೂರನೇ ಸಲ ಹಿನ್ನೆಲೆ ಸಂಗೀತವನ್ನೂ ಆಫ್ ಮಾಡಿದೆ. ಅವಳ ಕೋಣೆ. ದಿಂಬಿನ ಹತ್ತಿರ ಪಿಸ್ತೂಲು ಇರುವುದು ಅವನ ಕಣ್ಣಿಗೆ ಬೀಳುತ್ತದೆ. ನೋಡಿಯೂ ಅವಳಿಗೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಅವಳು ಪಿಸ್ತೂಲು ಎತ್ತುತ್ತಾಳೆ, ಗುರಿ ಇಡುತ್ತಾಳೆ. ಆದರೆ ಕೈ ಇಳಿದುಬಿಡುತ್ತದೆ. ರಷ್ಯಾವನ್ನು ಇಷ್ಟು ಪ್ರೀತಿಸುವವನನ್ನು ಕೊಲ್ಲಲು ತನ್ನಿಂದಾಗದು ಅನ್ನುತ್ತಾಳೆ. ಆ ಮಾತು ತೆರೆಯ ಮೇಲೆ ಅಕ್ಷರದಲ್ಲಿ ಬರುವ ಮೊದಲೇ ನತಾಲಿ ಪಾತ್ರ ಮಾಡಿದ ಎವೆಲಿನ್ ಬ್ರೆಂಟ್ ಮುಖ ಎಲ್ಲ ಹೇಳಿಬಿಟ್ಟಿರುತ್ತದೆ.

ಆಮೇಲೆ ಕ್ರಾಂತಿ. ಜನ ದಂಡನಾಯಕನನ್ನು ಹಿಡಿದು ರೈಲಿಗೆ ಕಲ್ಲಿದ್ದಲು ಹಾಕಲು ನಿಲ್ಲಿಸುತ್ತಾರೆ. ಜನರ ಎದುರು ನತಾಲಿಯೂ ಅವನನ್ನು ಬೈಯುತ್ತಾಳೆ. ಅದು ಅವನನ್ನು ಉಳಿಸಲು ಹೂಡಿದ ಆಟ. ಅವನು ಕೊಟ್ಟಿದ್ದ ಮುತ್ತಿನ ಸರವನ್ನೇ ಅವನ ಕೈಗಿಟ್ಟು, ಓಡಿಹೋಗು ಅನ್ನುತ್ತಾಳೆ. ಅವನು ರೈಲಿನಿಂದ ಹಾರುತ್ತಾನೆ. ಹಿಮದಲ್ಲಿ ಎದ್ದು ನೋಡುವಷ್ಟರಲ್ಲಿ ಸೇತುವೆ ಮುರಿದು ರೈಲು ನದಿಗೆ ಬೀಳುತ್ತದೆ, ಒಳಗೆ ಅವಳಿರುವಾಗಲೇ.

ಹಾಲಿವುಡ್‌ನಲ್ಲಿ ಅವನನ್ನು ಆರಿಸಿದ ನಿರ್ದೇಶಕ ಅದೇ ಲಿಯೋ. ಸೆಟ್ಟಿನ ಕಂದಕದಲ್ಲಿ ಮುದುಕನಿಗೆ ಅದು ನಿಜವಾದ ಯುದ್ಧ ಅನ್ನಿಸಿಬಿಡುತ್ತದೆ. ಬಾವುಟ ಹಿಡಿದು ಆಜ್ಞೆ ಕೊಟ್ಟು ಕುಸಿಯುತ್ತಾನೆ. ಗೆದ್ದೆವಾ ಅಂತ ಕೇಳುತ್ತಾನೆ. ಚಾಟಿ ಏಟು ತಿಂದ ಲಿಯೋ ಅವನನ್ನು ಹಿಡಿದುಕೊಂಡು ಹೌದು ಅನ್ನುತ್ತಾನೆ. ಆ ಮುದುಕನ ಪಾತ್ರ ಮಾಡಿದ ಎಮಿಲ್ ಯಾನಿಂಗ್ಸ್ 1929ರಲ್ಲಿ ಮೊಟ್ಟಮೊದಲ ಅತ್ಯುತ್ತಮ ನಟ ಆಸ್ಕರ್ ಪಡೆದರು. ಅವರೇ ಮುಂದೆ ಜರ್ಮನಿಗೆ ಮರಳಿ ನಾಜಿ ಪ್ರಚಾರ ಚಿತ್ರಗಳಲ್ಲಿ ನಟಿಸಿದರು. ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮುಗಿದ ಮೇಲೆ ಸುಮ್ನೆ ಮೊದಲ ದೃಶ್ಯಗಳನ್ನು ಮತ್ತೆ ಹಾಕಿದೆ. ಯಾಕೆ ಹಾಗೆ ತಲೆ ಅಲ್ಲಾಡಿಸ್ತೀಯ ಅಂತ ಪಕ್ಕದವನು ರೇಗುತ್ತಾನೆ. ಒಮ್ಮೆ ದೊಡ್ಡ ಆಘಾತ ಆಗಿತ್ತು, ಅಷ್ಟೇ ಮುದುಕನ ಉತ್ತರ. ಮೊದಲ ಸಲ ನೋಡುವಾಗ ಆ ಮಾತನ್ನು ನಾನು ಗಮನಿಸಿಯೇ ಇರಲಿಲ್ಲ.