ಗದ್ದೆಯಾಚೆಯ ಮದ್ದಲೆ: ಕೊರೊನಾ ಕಾಲದ ತಾಳಮದ್ದಲೆ

ಎಲ್ಲರಿಗೂ ನಮಸ್ಕಾರ.

ವಾರ್ಷಿಕೋತ್ಸವಕ್ಕೆ ಕರೆದವರು ‘ಕೊರೊನಾ ಮತ್ತು ರಂಗಭೂಮಿ’ ಎಂಬ ವಿಷಯ ಕೊಟ್ಟಿದ್ದಾರೆ. ಅಷ್ಟು ದೊಡ್ಡ ಎಲೆ ಹಾಕಿದರೆ ಬಡಿಸಲು ನನ್ನ ಬಳಿ ಪದಾರ್ಥವಿಲ್ಲ. ನಾನೊಬ್ಬ ಹವ್ಯಾಸಿ ಅರ್ಥಧಾರಿ, ಅಂದರೆ ಕೂಟದಲ್ಲಿ ಪಾತ್ರದ ಮಾತಾಡುವವನು. ಹಗಲು ತೋಟ, ರಾತ್ರಿ ಕೂಟ. ಹಾಗಾಗಿ ನನಗೆ ಗೊತ್ತಿರುವ ತಾಳಮದ್ದಲೆಯ, ಅಂದರೆ ಕೂತು ಆಡುವ ಯಕ್ಷಗಾನದ, ಮಾತನ್ನೇ ಆಡುತ್ತೇನೆ. ನಡುವೆ ಒಮ್ಮೆ ಜರ್ಮನಿಗೆ ಹೋಗಿ ಬರುತ್ತೇನೆ, ಬೇಸರಪಡಬೇಡಿ.

2020ರ ಮಾರ್ಚ್ 13ರಂದು ಸರ್ಕಾರ ಚಿತ್ರಮಂದಿರ, ಮಾಲ್, ಜಾತ್ರೆ, ಸಮಾರಂಭಗಳನ್ನು ಒಂದು ವಾರ ನಿಲ್ಲಿಸಿ ಎಂದಿತು. ಒಂದೇ ವಾರ ಅಂತ ನಾವೂ ನಂಬಿದೆವು. 22ಕ್ಕೆ ಜನತಾ ಕರ್ಫ್ಯೂ, 25ರಿಂದ ದೇಶಕ್ಕೇ ಬೀಗ. ಯಕ್ಷಗಾನ ಮೇಳಗಳಿಗೆ ಅದು ತುಂಬು ತಿರುಗಾಟದ ಹೊತ್ತು. ಮೇ ಕೊನೆಯಲ್ಲಿ ಪತ್ತನಾಜೆ, ಅಂದರೆ ತಿರುಗಾಟ ಮುಗಿಯುವ ದಿನ, ಬಂದ ಮೇಲೆ ಗೆಜ್ಜೆ ಬಿಚ್ಚುವುದು ವಾಡಿಕೆ. ಆ ವರ್ಷ ಎರಡು ತಿಂಗಳು ಮೊದಲೇ ಬಿಚ್ಚಬೇಕಾಯಿತು. ಕಟೀಲು ದೇವಸ್ಥಾನದ ಆಗಿನ ಆರು ಮೇಳಗಳು ಅಂದರೆ ಒಂದು ರಾತ್ರಿಗೆ ಆರು ಕಡೆ ಆಟ. ಎಲ್ಲ ಹರಕೆಯವು. ಅವೆಲ್ಲ ಒಂದೇ ಸಲಕ್ಕೆ ನಿಂತವು. ಮಳೆಗಾಲದಲ್ಲಿ ಕಲಾವಿದರ ಕೈಹಿಡಿಯುತ್ತಿದ್ದ ಚಿಕ್ಕಮೇಳವೂ ಆ ವರ್ಷ ಇಲ್ಲ. ಮುಸ್ಸಂಜೆಗೆ ಎರಡು ವೇಷ, ಹಾಡುವ ಭಾಗವತರು, ಮದ್ದಲೆ ಮನೆಬಾಗಿಲಿಗೆ ಬಂದರೆ ದೀಪ ಹಚ್ಚಿ ಒಳಗೆ ಕರೆಯುತ್ತಿದ್ದವರೇ ಗೇಟು ಹಾಕಿಕೊಂಡು ಕೂತ ಕಾಲ ಅದು. ಉಡುಪಿಯ ಯಕ್ಷಗಾನ ಕಲಾರಂಗ, ಪಟ್ಲ ಫೌಂಡೇಶನ್ ಮುಂತಾದವರು ದಿನಸಿ ಕಿಟ್ ಹಂಚಿದ್ದನ್ನು ನೀವು ಬಲ್ಲಿರಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಹೇಳುವುದು ಹೊಟ್ಟೆ ತುಂಬಿದವರ ಕಥೆ. ಮೇಳದವರಿಗೆ ಅನ್ನದ ಪ್ರಶ್ನೆ. ನಮಗೆ ಬಾಯಿ ತುರಿಕೆ.

ತಾಳಮದ್ದಲೆ ಮಳೆಗಾಲದ ಕೂಸು. ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವೂ ಬೇಡ. ಒಂದು ಚಾವಡಿ, ಒಂದು ಚಾಪೆ, ಹಾಡು ಮದ್ದಲೆಯ ಹಿಮ್ಮೇಳ, ಮಾತಾಡಲು ನಾಲ್ಕೈದು ಜನ. ಹೊರಗೆ ಕಾಲಿಡಲಾಗದ ಆಟಿ ತಿಂಗಳಲ್ಲಿ ಮನೆಯೊಳಗೇ ಕೂತು ರಾತ್ರಿ ಕಳೆಯುವ ಉಪಾಯ. ಬರೀ ಮಾತು ತಾನೆ, ಫೋನಿರುವುದೂ ಮಾತಾಡಲಿಕ್ಕೇ, ಇದಕ್ಕಿಂತ ಒಳ್ಳೆಯ ಜೋಡಿ ಉಂಟೇ ಅಂದುಕೊಂಡೆವು. ಜೂನ್ ತಿಂಗಳ ಒಂದು ಸಂಜೆ ಭಾಗವತರು ಅವರ ಮನೆಯಲ್ಲಿ, ಮದ್ದಲೆಯವರು ಅವರ ಮನೆಯಲ್ಲಿ, ನಾವು ನಮ್ಮ ನಮ್ಮ ಮನೆಯಲ್ಲಿ ಕೂತು ಜೂಮ್ ತೆರೆದೆವು.

ಮೊದಲ ಪದ್ಯಕ್ಕೇ ತಾಳ ತಪ್ಪಿತು. ತಪ್ಪಿತು ಅನ್ನುವುದೂ ಸರಿಯಲ್ಲ. ಇಬ್ಬರೂ ಸರಿಯಾಗಿಯೇ ನುಡಿಸುತ್ತಿದ್ದರು, ಆದರೆ ಬೇರೆ ಬೇರೆ ಹೊತ್ತಿನಲ್ಲಿ. ಭಾಗವತರ ತಾಳ ಕೇಳಿ ಮದ್ದಲೆಯವರು ಪೆಟ್ಟು ಹಾಕುತ್ತಾರೆ, ಅದು ತಡವಾಗಿ ಬಂತೆಂದು ಭಾಗವತರು ನಿಧಾನಿಸುತ್ತಾರೆ, ಅವರು ನಿಧಾನಿಸಿದರೆಂದು ಇವರು ಇನ್ನೂ ನಿಧಾನ. ಎರಡು ನಿಮಿಷದಲ್ಲಿ ಪದ್ಯ ಕೆಸರಿನಲ್ಲಿ ಹೂತ ಎತ್ತಿನ ಗಾಡಿ.

ಇದು ಯಾಕೆ ಹೀಗೆ ಅಂತ ನನಗೆ ಲೆಕ್ಕ ಹಾಕಿ ತಿಳಿಸಿದವನು ಅಣ್ಣನ ಮಗ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಒಟ್ಟಿಗೆ ನುಡಿಸುವವರ ನಡುವೆ ಹತ್ತು ಮೀಟರ್ ಅಂತರವಿದ್ದರೆ ಸುಮಾರು 30 ಮಿಲಿಸೆಕೆಂಡ್ ತಡ. ಅಲ್ಲಿಯವರೆಗೆ ಹೇಗೋ ನಿಭಾಯಿಸಬಹುದು. ವೀಡಿಯೊ ಕರೆಯಲ್ಲಿ 200 ಮಿಲಿಸೆಕೆಂಡ್ ತಡವಾಗುವುದು ಮಾಮೂಲು. ಅಂದರೆ ಭಾಗವತರು ಚಾವಡಿಯಲ್ಲಿ, ಮದ್ದಲೆಯವರು ಸುಮಾರು 70 ಮೀಟರ್ ಆಚೆ, ಗದ್ದೆಯ ಇನ್ನೊಂದು ಬದುವಿನ ಮೇಲೆ ಕೂತ ಹಾಗೆ. ಪರದೆಯಲ್ಲಿ ಮಾತ್ರ ಇಬ್ಬರ ಮುಖವೂ ಪಕ್ಕಪಕ್ಕ.

ಅದರ ಮೇಲೆ ಇನ್ನೊಂದು. ಆ ತಂತ್ರಾಂಶಕ್ಕೆ ಮನುಷ್ಯನ ಮಾತು ಮಾತ್ರ ಬೇಕು, ಉಳಿದದ್ದು ಗದ್ದಲ. ಹಾಗಾಗಿ ಮದ್ದಲೆಯ ನುಡಿತವನ್ನು ಅದು ಗದ್ದಲವೆಂದು ಒರೆಸಿ ಹಾಕುತ್ತಿತ್ತು. ಊರಿನ ಕೆಲವು ಅತ್ತೆಯಂದಿರು ಈ ಅಭಿಪ್ರಾಯವನ್ನು ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ, ಆ ಮಾತು ಬೇರೆ. ಮೂಲ ಧ್ವನಿಯನ್ನು ಹಾಗೆಯೇ ಬಿಡುವ ಆಯ್ಕೆ ಸೆಟ್ಟಿಂಗ್‌ನಲ್ಲೇ ಇದೆ ಅಂತ ನಮಗೆ ಗೊತ್ತಾದದ್ದು ನಾಲ್ಕನೇ ಕೂಟದಲ್ಲಿ. ದುಡ್ಡು ಕೊಡದಿದ್ದರೆ ಜೂಮ್ 40 ನಿಮಿಷಕ್ಕೆ ಕಡಿದುಕೊಳ್ಳುತ್ತದೆ ಎಂಬುದು ಮಾತ್ರ ಮೊದಲ ದಿನವೇ ತಿಳಿಯಿತು. ನಮ್ಮ ಧರ್ಮರಾಯ ಆಗಿನ್ನೂ ಪೀಠಿಕೆಯಲ್ಲಿದ್ದ.

ನಿಧಾನವಾಗಿ ದಾರಿ ಸಿಕ್ಕಿತು. ಹಿಮ್ಮೇಳದವರೆಲ್ಲ ಒಂದೇ ಮನೆಯಲ್ಲಿ ಸೇರುವುದು, ಅರ್ಥಧಾರಿಗಳು ದೂರದಿಂದ ಮಾತಾಡುವುದು. ಅದಕ್ಕೂ ಕರೆಂಟು, ನೆಟ್‌ವರ್ಕ್ ಎರಡೂ ಬೇಕು. ಆಟಿಯಲ್ಲಿ ಅವೆರಡನ್ನೂ ಒಟ್ಟಿಗೆ ಕಂಡವರು ಕೈ ಎತ್ತಿ! ಕೃಷ್ಣನ ಪಾತ್ರದ ನಮ್ಮ ಹಿರಿಯರೊಬ್ಬರು ಕೊಡೆ ಹಿಡಿದು ಗುಡ್ಡದ ನೆತ್ತಿಯಲ್ಲಿ ನಿಂತು ಸಂಧಾನದ ಮಾತಾಡಿದ್ದಾರೆ.

ಇಂಥದರಲ್ಲೂ ರಸವಿತ್ತು. ಒಂದು ದಿನ ವಾಲಿ–ರಾಮರ ಸಂವಾದ. ನೆಟ್‌ವರ್ಕ್ ಉಳಿಸಲು ರಾಮ ಕ್ಯಾಮೆರಾ ಆರಿಸಿ ಕೂತಿದ್ದ. ಬಾಣ ತಗುಲಿ ಬಿದ್ದ ವಾಲಿ ಪರದೆಯ ಕಪ್ಪು ಚೌಕ ನೋಡಿ, “ಅಂದು ಮರದ ಮರೆ, ಇಂದು ಇದರ ಮರೆ. ಒಮ್ಮೆಯಾದರೂ ಮುಖ ತೋರಿಸಿ ಮಾತಾಡು ರಾಮಾ” ಎಂದುಬಿಟ್ಟ. ರಾಮ ಏನೋ ಹೇಳಿದ, ಹೇಳಿದ್ದು ತುಂಡು ತುಂಡಾಗಿ ಕೇಳಿತು. ನಾವೆಲ್ಲ ನಕ್ಕೆವು. ಆದರೆ ಮೈಕ್ ಆರಿಸಿ ನಕ್ಕದ್ದರಿಂದ ವಾಲಿಗೆ ಅದು ಕೇಳಲೇ ಇಲ್ಲ. ಮಾತು ಬಿತ್ತೋ ಇಲ್ಲವೋ ಅಂತ ತಿಳಿಯದೆ ಪಾಪ, ಅದನ್ನೇ ಇನ್ನೊಮ್ಮೆ ಹೇಳಿದ.

ಆಮೇಲೆ ನಿರ್ಬಂಧ ಸಡಿಲಾದಾಗ ಐದಾರು ಜನ ಒಂದೇ ಕೋಣೆಯಲ್ಲಿ ಅಂತರ ಬಿಟ್ಟು ಕೂತು ಯೂಟ್ಯೂಬಿನಲ್ಲಿ ಲೈವ್ ಬಿಟ್ಟೆವು. ತಾಳ ಸರಿಹೋಯಿತು. ಇಲ್ಲಿ ಸಂಜೆ ಏಳಾದರೆ ದುಬೈಯಲ್ಲಿ ಐದೂವರೆ, ನ್ಯೂಜೆರ್ಸಿಯಲ್ಲಿ ಬೆಳಗಿನ ಒಂಬತ್ತೂವರೆ. ಊರು ಬಿಟ್ಟು ಹೋದ ಮಕ್ಕಳು ಅಲ್ಲಿಂದಲೇ ಕೇಳಿದರು. ರಾತ್ರಿ ಕೂಟಕ್ಕೆ ಮನೆ ಬಿಟ್ಟು ಬರಲಾಗದ ಹೆಂಗಸರು ನಾಲ್ವರು ಆ ಹೊತ್ತಿನಲ್ಲೇ ಅರ್ಥ ಹೇಳಲು ಶುರುಮಾಡಿದರು. ಅವರಲ್ಲಿ ಇಬ್ಬರು ಈಗ ನಮ್ಮೆಲ್ಲರಿಗಿಂತ ಗಟ್ಟಿ. ಆನ್‌ಲೈನ್ ಅಂದರೆ ಮೂಗು ಮುರಿಯುವವರಿಗೆ ನಾನು ಇದನ್ನು ಹೇಳಿಯೇ ಹೇಳುತ್ತೇನೆ.

ಹಾಗಾದರೆ ಹೋದದ್ದೇನು? ಜೀವಂತಿಕೆ, ಎದುರುಬದುರಿನ ಸುಖ ಅಂತೆಲ್ಲ ಹೇಳುತ್ತಾರೆ, ನನಗದು ಪೂರ್ತಿ ಒಪ್ಪಿಗೆಯಿಲ್ಲ. ಇಲ್ಲಿ ಜರ್ಮನಿಯ ಕಥೆ ಬರುತ್ತದೆ.

ಅಲ್ಲಿ ಬವೇರಿಯಾ ಪ್ರಾಂತ್ಯದಲ್ಲಿ ಓಬರಾಮ್ಮರ್‌ಗೌ ಅಂತ ಒಂದು ಊರು, ಸುಮಾರು ಐದು ಸಾವಿರ ಜನ. 1633ರಲ್ಲಿ ಪ್ಲೇಗ್ ಬಂದು ಜನ ಸಾಯತೊಡಗಿದಾಗ ಉಳಿದವರು ಹರಕೆ ಹೊತ್ತರು, ಯೇಸುವಿನ ಕೊನೆಯ ದಿನಗಳ ಆಟವನ್ನು ಊರವರೇ ಆಡುತ್ತೇವೆ ಅಂತ. 1634ರಲ್ಲಿ ಮೊದಲ ಆಟ. ಈಗ ಹತ್ತು ವರ್ಷಕ್ಕೊಮ್ಮೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಪ್ಪಟ ಹರಕೆಯಾಟ. ಪಾತ್ರ ಬೇಕಾದರೆ ಆ ಊರಲ್ಲೇ ಹುಟ್ಟಿರಬೇಕು, ಇಲ್ಲವೇ ಇಪ್ಪತ್ತು ವರ್ಷ ಬಾಳಿರಬೇಕು. ಆಟಕ್ಕೆ ಒಂದು ವರ್ಷ ಮೊದಲೇ ಗಂಡಸರು ಕೂದಲು, ಗಡ್ಡ ಬಿಡಬೇಕು. 2020ರ ಮೇ ತಿಂಗಳಿಗೆ ಎಲ್ಲ ಸಿದ್ಧವಾಗಿತ್ತು. ಪ್ಲೇಗಿನಿಂದ ಹುಟ್ಟಿದ ಆಟವನ್ನು ಇನ್ನೊಂದು ಮಹಾಮಾರಿ ನಿಲ್ಲಿಸಿತು. ಮಾರ್ಚ್ 19ಕ್ಕೆ ಮುಂದೂಡಿಕೆ, ಊರಿಡೀ ಕ್ಷೌರ. ಅವರು ಎರಡು ವರ್ಷ ಕಾದು 2022ರ ಮೇ 14ರಂದು ಪರದೆ ಎತ್ತಿದರು.

ಯಾಕೆ ಕಾದರು? ಐದು ಸಾವಿರ ಜನರ ಊರಿನಲ್ಲಿ ಸುಮಾರು ಎರಡು ಸಾವಿರ ಮಂದಿ ಆ ಆಟದ ಒಂದಲ್ಲ ಒಂದು ಕೆಲಸದಲ್ಲಿರುತ್ತಾರೆ. ಊರೇ ಸೇರದೆ ಹರಕೆ ಸಲ್ಲುವುದು ಹೇಗೆ? ನಮ್ಮದು ಅಷ್ಟು ದೊಡ್ಡದಲ್ಲ, ಆದರೆ ಲೆಕ್ಕ ಅದೇ. ಒಂದು ಕೂಟಕ್ಕೆ ಅರ್ಥ ಹೇಳುವವರು ಐವರಾದರೆ, ಜಮಖಾನ ಹಾಸುವವರು, ಕುರ್ಚಿ ಇಳಿಸುವವರು, ಮೈಕಿನವರು, ಸಜ್ಜಿಗೆ ಅವಲಕ್ಕಿ ಮಾಡುವವರು, ಭಾಗವತರನ್ನು ಬೈಕಿನಲ್ಲಿ ಕರೆತರುವವರು ಎಲ್ಲ ಸೇರಿ ಇಪ್ಪತ್ತೈದು ಜನ. ಲೈವ್ ಬಂದಾಗ ಕೇಳುವವರು ಹೆಚ್ಚಾದರು, ಈ ಇಪ್ಪತ್ತು ಮಂದಿಗೆ ಕೆಲಸವಿಲ್ಲದಂತಾಯಿತು. ಅವರಲ್ಲಿ ಹಲವರಿಗೆ ಪ್ರಸಂಗದ ಮೇಲೆ ಅಂಥ ಆಸೆಯೇನೂ ಇಲ್ಲ. ಕೂಟ ಅವರದಾಗಿದ್ದದ್ದು ಜಮಖಾನದಿಂದ. ಲಿಂಕ್ ಕಳಿಸಿದರೆ ಅವರು ಒಂದು ಹೆಬ್ಬೆಟ್ಟಿನ ಚಿತ್ರ ಹಾಕಿ ಸುಮ್ಮನಾದರು.

2020ರ ಕೊನೆಗೆ ಮೇಳಗಳು ಮತ್ತೆ ಗೆಜ್ಜೆ ಕಟ್ಟಿದವು. 2021ರ ಏಪ್ರಿಲ್‌ನಲ್ಲಿ ರಾತ್ರಿ ಕರ್ಫ್ಯೂ ಬಂದು ಮತ್ತೆ ನಿಂತವು. ನಾವು ಜನರನ್ನು ಕೂರಿಸಿ ಕೂಟ ಮಾಡಿದ್ದು ಆ ಎರಡನೇ ಅಲೆ ತಗ್ಗಿದ ಮೇಲೆ. ಒಂದು ಬಿಟ್ಟು ಒಂದು ಕುರ್ಚಿಗೆ ಟೇಪಿನ ಗುಣಿಸು ಚಿಹ್ನೆ. ಬಾಗಿಲಲ್ಲಿ ಸ್ಯಾನಿಟೈಸರ್. ತಿಂಡಿ, ಚಹಾ ಏನೂ ಬೇಡ ಅಂತ ಕಮಿಟಿಯ ತೀರ್ಮಾನ.

ನಮ್ಮ ಚಹಾದ ಅಣ್ಣನಿಗೆ ಅದನ್ನು ತಿಳಿಸಿದ್ದವನು ನಾನೇ. “ಆಯ್ತು ಮಾರಾಯ” ಅಂದಿದ್ದರು. ನನ್ನ ಪೀಠಿಕೆ ಅರ್ಧಕ್ಕೆ ಬಂದಿರಬೇಕು, ಹೊರಗಿನ ಮೆಟ್ಟಿಲಿನಿಂದ ಸ್ಟೀಲ್ ಲೋಟಗಳ ಸದ್ದು ಕೇಳಿತು. ಸಭೆಯ ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದರು, ಅವರ ಹಿಂದೆ ಇನ್ನೊಬ್ಬರು, ಮಧ್ಯೆ ಸರಿಯಾಗಿ ಒಂದು ಕುರ್ಚಿಯ ಅಂತರ. ಭಾಗವತರು ನನ್ನ ಮುಖ ನೋಡಿದರು. ನಾನು ಕೌರವನ ಪೀಠಿಕೆಯನ್ನು ಅಲ್ಲಿಗೇ ಮೊಟಕುಗೊಳಿಸಿ ಪದ್ಯಕ್ಕೆ ಬಿಟ್ಟುಕೊಟ್ಟೆ.