ಆರು ವಾರದ ದಾರಿಗೆ ಆರು ತಿಂಗಳು: ಯೂಟಾದ ಬ್ಲಫ್ ಕೋಟೆಯ ಕಥೆ

[ದೃಶ್ಯ: ಕೆಂಪು ಬಂಡೆಯ ಅಂಚು, ನಡುವೆ ಕಿರಿದಾದ ಸೀಳು. ಕ್ಯಾಮೆರಾ ನಿಧಾನಕ್ಕೆ ಕೆಳಗಿಳಿಯುತ್ತದೆ.]

ಈ ಸೀಳನ್ನ ಒಂದ್ಸಲ ಸರಿಯಾಗಿ ನೋಡಿ. ನಾವು ನೀವು ಇಳಿಯಬೇಕು ಅಂದ್ರೆ ಕೈಯೂರಿ, ಕೂತು, ಜಾರಬೇಕು. 1880ರ ಜನವರಿ 26ರಂದು ಇದರೊಳಗೆ ಗಾಡಿಗಳನ್ನ ಇಳಿಸೋಕೆ ಶುರು ಮಾಡಿದರು. ಸಾಮಾನು ತುಂಬಿದ ಗಾಡಿಗಳು. ಒಟ್ಟು 83. ಜೊತೆಗೆ ಸುಮಾರು 250 ಜನ, ಸಾವಿರಕ್ಕೂ ಮೇಲೆ ದನ, ಕುದುರೆ.

ನಮಸ್ಕಾರ. ಆ ಜನ ಕೊನೆಗೆ ಹೋಗಿ ನೆಲೆಯೂರಿದ ಊರು ಬ್ಲಫ್, ಅಮೆರಿಕದ ಯೂಟಾ ರಾಜ್ಯದ ಆಗ್ನೇಯ ಮೂಲೆಯಲ್ಲಿದೆ. ಮೋಯಬ್‌ನಿಂದ ಮಾನ್ಯುಮೆಂಟ್ ವ್ಯಾಲಿಗೆ ಕಾರಲ್ಲಿ ಹೋಗೋ ನಮ್ಮ ಅಮೆರಿಕನ್ನಡಿಗರು ಇಲ್ಲಿ ಗ್ಯಾಸ್ ಹಾಕಿಸಿಕೊಂಡು ಮುಂದೆ ಹೋಗಿಬಿಡ್ತಾರೆ. ಹಾಗೆ ಮಾಡಬೇಡಿ. ಅವರು ಕಟ್ಟಿದ ಕೋಟೆಯನ್ನ ಇಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದ್ದಾರೆ. ಆದರೆ ದಾರಿಯ ಕಥೆ ಗೊತ್ತಿಲ್ಲದೆ ಒಳಗೆ ಹೋದರೆ ಕಾಣೋದು ಒಂದಿಷ್ಟು ಮರದ ಗುಡಿಸಲು ಅಷ್ಟೇ.

[ದೃಶ್ಯ: ನಕ್ಷೆ. ನ್ಯೂಯಾರ್ಕ್‌ನಿಂದ ಸಾಲ್ಟ್ ಲೇಕ್‌ವರೆಗೆ ಗೆರೆ.]

ಹಿನ್ನೆಲೆ ಬೇಗ ಮುಗಿಸ್ತೀನಿ. ಆ ಗಾಡಿಗಳ ಜನ ಮಾರ್ಮನ್ನರು. ಈ ಕ್ರೈಸ್ತ ಪಂಥವನ್ನ ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರು ಮಾಡಿದ್ದು. 1844ರಲ್ಲಿ ಇಲಿನಾಯ್‌ನಲ್ಲಿ ಗುಂಪೊಂದು ಅವರನ್ನ ಕೊಂದುಹಾಕಿತು. 1847ರಲ್ಲಿ ಬ್ರಿಗಮ್ ಯಂಗ್ ಉಳಿದವರನ್ನ ಕರಕೊಂಡು ಸಾಲ್ಟ್ ಲೇಕ್ ಕಣಿವೆಗೆ ಬಂದರು. ಅಲ್ಲಿಂದ ಮುಂದೆ ಚರ್ಚ್ ಕುಟುಂಬಗಳಿಗೆ ಕರೆ ಕೊಡೋದು, ಅವರು ಹೋಗಿ ಹೊಸ ಊರು ಕಟ್ಟೋದು. 1879ರಲ್ಲಿ ಬಂದ ಕರೆ ಸ್ಯಾನ್ ವಾನ್ ನದಿಯ ದಂಡೆಗೆ.

ದಾರಿ ಇರಲಿಲ್ಲ ಅಂತಲ್ಲ. ಮೊದಲು ಹೋಗಿದ್ದ ತಂಡವೊಂದು ದಕ್ಷಿಣದ ದಾರಿ ಹಿಡಿದು ಹೋಗಿ, ಉತ್ತರದ ದಾರಿಯಲ್ಲಿ ವಾಪಸ್ ಬಂದಿತ್ತು. ಒಂದರಲ್ಲಿ ನೀರಿಲ್ಲ, ಇನ್ನೊಂದು ತೀರಾ ಸುತ್ತು. ಹಾಗಾಗಿ ಎಸ್ಕಲಾಂಟೆ ಅನ್ನೋ ಊರಿನ ಕಡೆಯಿಂದ ನೇರ ಅಡ್ಡದಾರಿ ಹಿಡಿಯೋಣ ಅಂದುಕೊಂಡರು. ಆರು ವಾರ ಸಾಕು ಅನ್ನೋ ಲೆಕ್ಕ. ಅರ್ಧ ದಾರಿಗೆ ಬಂದಾಗ ಹಿಂದಿನ ಬೆಟ್ಟಗಳಲ್ಲಿ ಹಿಮ ಬಿದ್ದು ವಾಪಸ್ ಹೋಗೋ ದಾರಿ ಮುಚ್ಚಿತು. ಮುಂದೆ ಕೊಲೊರಾಡೊ ನದಿಯ ಕಂದರ. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಇಲ್ಲಿ ದರಿ ಅಂತೂ ನಿಜವಾದ್ದೇ.

[ದೃಶ್ಯ: ಬಂಡೆಯ ಗೋಡೆಯಲ್ಲಿ ಸಾಲಾಗಿ ಕೊರೆದ ತೂತುಗಳು, ಹತ್ತಿರದಿಂದ.]

ಕಂದರಕ್ಕೆ ಇಳಿಯೋ ದಾರಿ ಅಂದರೆ ಮೊದಲು ನೋಡಿದ ಆ ಸೀಳೇ. ಮದ್ದು ಸಿಡಿಸಿ ಅದನ್ನ ಅಗಲ ಮಾಡೋಕೇ ವಾರಗಟ್ಟಲೆ ಹಿಡಿಯಿತು. ಸೀಳಿನ ಕೆಳಗೆ ಒಂದು ಕಡೆ ಕಾಲಿಡೋಕೂ ಜಾಗ ಇರಲಿಲ್ಲ. ಅಲ್ಲಿ ಕೈ ಹಾಕಿದವರು ಬೆಂಜಮಿನ್ ಪರ್ಕಿನ್ಸ್, ವೇಲ್ಸ್‌ನಲ್ಲಿ ಕಲ್ಲಿದ್ದಲು ಗಣಿಯಲ್ಲಿ ಪಳಗಿದ ಆಸಾಮಿ. ಬಂಡೆಯನ್ನ ಕೆತ್ತಿ ಗಾಡಿಯ ಒಳಗಡೆ ಚಕ್ರಕ್ಕೆ ಮಾತ್ರ ಒಂದು ಅಂಚು ಮಾಡಿದರು. ಅದರ ಕೆಳಗೆ ಸಾಲಾಗಿ ತೂತು ಕೊರೆದು ಓಕ್ ಗೂಟ ಬಡಿದರು. ಗೂಟಗಳ ಮೇಲೆ ದಿಮ್ಮಿ, ದಿಮ್ಮಿ ಮೇಲೆ ಪೊದೆ, ಕಲ್ಲು, ಮಣ್ಣು. ಹೊರಗಡೆ ಚಕ್ರ ಉರುಳಿದ್ದು ಇದರ ಮೇಲೆ. ಅಂದರೆ ಗಾಡಿಯ ಅರ್ಧ ಭಾರ ಗಾಳಿಯಲ್ಲಿ ತೇಲುತ್ತಿದ್ದ ರಸ್ತೆಯ ಮೇಲೆ!

ಹಿಂದಿನ ಚಕ್ರಗಳಿಗೆ ಸರಪಳಿ ಬಿಗಿದು, ಹಿಂದೆ ಜನ ಹಗ್ಗ ಹಿಡಿದು ಜಗ್ಗುತ್ತಾ, ಒಂದೊಂದೇ ಗಾಡಿ ಇಳಿಸಿದರು. ಸ್ಟ್ಯಾನ್‌ಫರ್ಡ್ ಸ್ಮಿತ್ ಅನ್ನೋರು ದಿನವಿಡೀ ಬೇರೆಯವರ ಗಾಡಿ ಇಳಿಸೋಕೆ ಹೆಗಲು ಕೊಟ್ಟರು. ಸಂಜೆ ನೋಡಿದರೆ ಅವರದೇ ಗಾಡಿ, ಹೆಂಡತಿ ಅರಬೆಲ್ಲಾ, ಮೂರು ಮಕ್ಕಳು ಮೇಲೆಯೇ ಉಳಿದಿದ್ದಾರೆ. ಎಲ್ಲರೂ ಮರೆತೇಬಿಟ್ಟಿದ್ದರು. ಆ ಕುಟುಂಬದವರು ಹೇಳಿಕೊಂಡು ಬಂದ ಪ್ರಕಾರ, ಮಕ್ಕಳನ್ನ ಹಿಮದ ಮೇಲೆ ಕೌದಿ ಹಾಸಿ ಕೂರಿಸಿ, ಗಂಡ ಮುಂದೆ ಗಾಡಿ ಹೊಡೆದರೆ ಅರಬೆಲ್ಲಾ ಹಿಂದೆ ಕಟ್ಟಿದ ಕುದುರೆಯ ಲಗಾಮು ಹಿಡಿದರು. ಕುದುರೆ ಮುಗ್ಗರಿಸಿತು, ಅವರನ್ನೂ ಎಳಕೊಂಡು ಹೋಯಿತು. ಕೆಳಗೆ ಮುಟ್ಟಿದಾಗ ಕಾಲು ಸೀಳಿಹೋಗಿತ್ತು. ಗಂಡ ಮತ್ತೆ ಮೇಲೆ ಹತ್ತಿ ಮಕ್ಕಳನ್ನ ಕರಕೊಂಡು ಬಂದರು. ಈ ಯಾತ್ರೆಯಲ್ಲಿ ನಾಯಕರ ಹೆಸರು ಬೇಕಾದಷ್ಟು ಕೇಳ್ತೀವಿ. ನನಗೆ ಕೇಳಿದರೆ ಅರಬೆಲ್ಲಾ ಹೆಸರು ಮೊದಲು ಬರಬೇಕು.

ನದಿ ದಾಟಿದ್ದು ದೋಣಿಯಲ್ಲಿ. ಇಷ್ಟಕ್ಕೇ ಕಷ್ಟ ಮುಗಿಯಲಿಲ್ಲ. ಕೊನೆಯಲ್ಲಿ ಸ್ಯಾನ್ ವಾನ್ ಹಿಲ್ ಅನ್ನೋ ಏರು. ಸೋತು ಸುಣ್ಣವಾಗಿದ್ದ ಕುದುರೆಗಳು ಮೊಣಕಾಲೂರಿ ಎಳೆದು, ಬಂಡೆಯ ಮೇಲೆ ರಕ್ತದ ಕಲೆ ಉಳಿದಿತ್ತಂತೆ. ಅದಾಗಿ ಕೆಲವೇ ಮೈಲಿ. 1880ರ ಏಪ್ರಿಲ್ 6ರಂದು ಬ್ಲಫ್ ಇರೋ ಜಾಗಕ್ಕೆ ಬಂದರು. ಹೋಗಬೇಕಿದ್ದದ್ದು ಮಾಂಟಜೂಮಾ ಕ್ರೀಕ್‌ಗೆ, ಇನ್ನೂ ಮುಂದೆ. ಯಾರಲ್ಲೂ ತ್ರಾಣ ಇರಲಿಲ್ಲ. ಬಹುಪಾಲು ಜನ ಇಲ್ಲೇ ನಿಂತುಬಿಟ್ಟರು. ಒಂದು ಊರು ಹುಟ್ಟಿದ ಕಾರಣ ಇಷ್ಟೇ!

[ದೃಶ್ಯ: ಕೋಟೆಯ ಅಂಗಳ, ಸುತ್ತ ಗುಡಿಸಲುಗಳು.]

ಈಗ ಒಳಗೆ ಬನ್ನಿ. ಕೋಟೆ ಅಂದಾಗ ಚಿತ್ರದುರ್ಗ ಕಣ್ಣಮುಂದೆ ಬಂದರೆ ನಿರಾಸೆ ಗ್ಯಾರಂಟಿ. ಕಾಟನ್‌ವುಡ್ ದಿಮ್ಮಿಯ ಮನೆಗಳನ್ನ ಚೌಕಾಕಾರವಾಗಿ ಕಟ್ಟಿ, ಬಾಗಿಲುಗಳನ್ನ ಒಳಗಿನ ಅಂಗಳಕ್ಕೆ ತಿರುಗಿಸಿದರೆ ಅದೇ ಕೋಟೆ. ಮಣ್ಣಿನ ಮಾಡು, ಮಳೆ ಬಂದರೆ ಹಾಸಿಗೆ ಮೇಲೆ ಕೆಸರು. ಇವತ್ತು ಕಾಣೋ ಮನೆಗಳಲ್ಲಿ ಹೆಚ್ಚಿನವು ಹೊಸದಾಗಿ ಕಟ್ಟಿದ್ದು, ಒಂದೊಂದು ಒಂದೊಂದು ಕುಟುಂಬದ ಹೆಸರಲ್ಲಿ. ಆ ಕಾಲದ್ದೇ ಆಗಿ ಉಳಿದಿರೋದು ಬಾರ್ಟನ್ ಮನೆ ಒಂದೇ. ಹೊಸ ದಿಮ್ಮಿಗಳನ್ನ ನೋಡಿ ಬಂದು ಅದರ ಮುಂದೆ ನಿಲ್ಲಿ. ಸವೆದು ಬಿರಿದ ಮರ ಯಾವುದು, ಯಂತ್ರದಲ್ಲಿ ಕೊಯ್ದದ್ದು ಯಾವುದು ಅಂತ ಕಣ್ಣಿಗೇ ತಿಳಿಯುತ್ತೆ. ಸಹಕಾರಿ ಅಂಗಡಿಯ ಕಟ್ಟಡವನ್ನೂ ಮರುಕಟ್ಟಿದ್ದಾರೆ, ಸಂದರ್ಶಕರು ಮೊದಲು ಹೋಗೋದು ಅಲ್ಲಿಗೇ.

ಬೇಸಾಯ ಅವರ ಕೈ ಹಿಡಿಯಲಿಲ್ಲ. ತೋಡಿದ ಕಾಲುವೆಯಲ್ಲಿ ನದಿ ಹೂಳು ತುಂಬುತ್ತಿತ್ತು, ಪ್ರವಾಹ ಬಂದರೆ ಕಾಲುವೆಯೇ ಇಲ್ಲ. ಆಮೇಲೆ ದನ ಸಾಕಣೆಗೆ ಇಳಿದರು, ಕೈಯಲ್ಲಿ ಕಾಸು ಓಡಾಡಿತು. ಊರೊಳಗೆ ಕಾಣೋ ಕಲ್ಲಿನ ದೊಡ್ಡ ಮನೆಗಳು ಆ ಕಾಲದ್ದು.

ಇನ್ನೊಂದು ಮಾತು ಹೇಳಲೇಬೇಕು. ಇದು ಖಾಲಿ ನೆಲ ಆಗಿರಲಿಲ್ಲ. ಇಲ್ಲಿ ಮೂಲನಿವಾಸಿಗಳಿದ್ದರು. ನದಿಯ ಆಚೆ ದಡ ನವಾಹೊ ಜನರದ್ದು, ಈಗಲೂ ಹೌದು. ಈ ಕಡೆ ಯೂಟ್ ಜನ ಓಡಾಡಿಕೊಂಡಿದ್ದ ಬೇಟೆಯ ನೆಲ. ದನಗಳು ಹುಲ್ಲು ಮೇಯ್ದವು, ಯೂಟ್‌ರಿಗೆ ಹಸಿವು ಉಳಿಯಿತು. 1923ರಲ್ಲಿ ಪಕ್ಕದ ಬ್ಲಾಂಡಿಂಗ್‌ನಲ್ಲಿ ಜಗಳ ಸ್ಫೋಟವಾಗಿ, ಬಿಳಿಯರು ಯೂಟ್ ಜನರನ್ನ ಹೆಂಗಸರು ಮಕ್ಕಳ ಸಮೇತ ಮುಳ್ಳುತಂತಿಯ ಬೇಲಿಯೊಳಗೆ ಕೂಡಿಹಾಕಿದರು. ಯೂಟ್‌ರ ಮುಖಂಡ ಪೋಸಿ ಗುಂಡೇಟಿನ ಗಾಯದಿಂದ ಸತ್ತರು. ಅರಬೆಲ್ಲಾ ಧೈರ್ಯವೂ ನಿಜ, ಈ ಬೇಲಿಯೂ ನಿಜ. ಎರಡನ್ನೂ ತಲೆಯಲ್ಲಿಟ್ಟುಕೊಂಡೇ ಅಂಗಳ ಸುತ್ತಿ.

[ದೃಶ್ಯ: ಹೆದ್ದಾರಿ, ನಂತರ ಧೂಳಿನ ರಸ್ತೆ.]

ಹೋಗೋರಿಗೆ ಎರಡು ಸೂಚನೆ. ಮಾರ್ಮನ್ನರಿಗೆ ಭಾನುವಾರ ವಿಶ್ರಾಂತಿಯ ದಿನ, ಬೇರೆ ದಿನ ನೋಡಿಕೊಳ್ಳಿ. ಬ್ಲಫ್‌ಗೆ ಯಾವ ಕಾರಾದರೂ ನಡೆಯುತ್ತೆ. ಆ ಸೀಳನ್ನೇ ನೋಡ್ತೀನಿ ಅಂದರೆ ಮಾತ್ರ ಎಸ್ಕಲಾಂಟೆ ಕಡೆಯಿಂದ ಸುಮಾರು 60 ಮೈಲಿ ಮಣ್ಣುರಸ್ತೆ, ಕೊನೆಯ ಭಾಗಕ್ಕೆ ಫೋರ್ ವೀಲ್ ಡ್ರೈವ್ ಬೇಕೇ ಬೇಕು. ಕೆಳಗಿನ ಭಾಗ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಪವೆಲ್ ಸರೋವರದಲ್ಲಿ ಮುಳುಗಿಹೋಗಿದೆ. ಬಾಡಿಗೆ ಸೆಡಾನ್ ತಗೊಂಡು ಆ ಕಡೆ ಹೋಗಿ ಸಿಕ್ಕಿಹಾಕಿಕೊಂಡರೆ, ಎಳೆದು ತೆಗೆಯೋ ಖರ್ಚು ಟ್ರಿಪ್ ಖರ್ಚನ್ನೇ ಮೀರಿಸುತ್ತೆ.